ಮಹಾಮಾರಿಯೂ ನಮ್ಮ ನಿತ್ಯದ ಶುಚಿತ್ವವೂ

ಮನುಷ್ಯನು ಸುಖಕಾಲದಲ್ಲಿ ಕಿವಿಗೆ ಹಾಕಿಕೊಳ್ಳದ ಬುದ್ಧಿಮಾತನ್ನು ಕಷ್ಟಕಾಲದಲ್ಲಿ ತಾನಾಗಿಯೇ ಹುಡುಕಿಕೊಂಡು ಹೋಗುವನು. ಉಣ್ಣುವ ಮುಂಚೆ ಕೈ ತೊಳೆದುಕೊಳ್ಳಬೇಕೆಂದು ಮನೆಯಲ್ಲಿ ತಾಯಿಯೂ ಶಾಲೆಯಲ್ಲಿ ಶಿಕ್ಷಕಿಯೂ ವರ್ಷಾನುಗಟ್ಟಲೆ ಹೇಳಿದರೂ ಆ ಮಾತಿಗೆ ದೊರೆಯದಿದ್ದ ಮರ್ಯಾದೆಯು ೨೦೨೦ ನೆಯ ಇಸವಿಯ ಮಾರ್ಚ ತಿಂಗಳಿನಲ್ಲಿ ಕೆಲವೇ ದಿನಗಳಲ್ಲಿ ದೊರೆಯಿತು. ಕೊರೊನಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಹುಬ್ಬಳ್ಳಿ-ಧಾರವಾಡಗಳ ಓಣಿಗಳಲ್ಲಿ ಅನೇಕ ಮನೆಗಳ ಹೊಸ್ತಿಲ ಹೊರಗೆ ಒಂದು ಬಕೆಟ್ಟು ನೀರು, ಒಂದು ತಂಬಿಗೆ, ಒಂದು ಸಾಬೂನಿನ ತುಂಡು ಬಂದು ಕುಳಿತವು. ಹೊರಗಿನಿಂದ ಬಂದವರು ಮನೆಯ ಯಜಮಾನರೇ ಆಗಿರಲಿ, ಕೈಕಾಲು ತೊಳೆಯದೆ ಒಳಗೆ ಹೆಜ್ಜೆಯಿಡುವಂತಿರಲಿಲ್ಲ. ಕೈ ಕುಲುಕುತ್ತಿದ್ದವರು ದೂರದಿಂದಲೇ ಕೈ ಜೋಡಿಸಿದರು. ಎಲ್ಲಿ ಬೇಕಾದಲ್ಲಿ ಉಗುಳುತ್ತಿದ್ದವನು ಸುತ್ತಲಿನವರ ಕಣ್ಣುಗಳಿಗೆ ಅಂಜಿ ಬಾಯಿ ಮುಚ್ಚಿಕೊಂಡನು.

ಆ ಬಕೆಟ್ಟು ಈಗ ಎಲ್ಲಿದೆ? ಬಹುತರ ಮನೆಗಳಲ್ಲಿ ಅದು ಮರಳಿ ಬಚ್ಚಲನ್ನು ಸೇರಿದೆ. ಸ್ಮಶಾನದಲ್ಲಿ ಹುಟ್ಟಿದ ವೈರಾಗ್ಯವು ಮನೆಯ ಬಾಗಿಲಿಗೆ ಬರುವದರೊಳಗೆ ಕರಗುವದೆಂದು ಹಿರಿಯರು ಹೇಳುವರು. ಬೇನೆಯ ಕಾಲದಲ್ಲಿ ಹುಟ್ಟಿದ ಶುಚಿತ್ವದ ಗತಿಯೂ ಹಾಗೆಯೇ ಆಗಬೇಕೇ?

ಮಹಾಮಾರಿಯು ಬಂದಾಗ ಜನರ ನಿತ್ಯದ ರೂಢಿಗಳು ಹೇಗೆ ಬದಲಾಗುವವು, ಹಾಗೆ ಬದಲಾದವುಗಳಲ್ಲಿ ಯಾವವು ಪ್ರಯೋಜನಕರ, ಯಾವವು ವ್ಯರ್ಥ, ಪ್ರಯೋಜನಕರವಾದವು ಉಳಿದು ಬರಬೇಕಾದರೆ ಏನು ಬೇಕು ಎಂಬೀ ಮೂರು ಸಂಗತಿಗಳನ್ನು ನಾವು ಇಲ್ಲಿ ವಿಚಾರಿಸತಕ್ಕವರಿದ್ದೇವೆ. ಇದಕ್ಕೆ ಉದಾಹರಣೆಗಳನ್ನು ದೂರದೇಶದಿಂದಲೇ ತರಬೇಕಾದ ಕಾರಣವಿಲ್ಲ. ಪ್ಲೇಗು, ಇನ್‌ಫ್ಲುಯೆಂಜಾ, ಕೊರೊನಾ ಎಂಬ ಮೂರು ಬೇನೆಗಳನ್ನೂ ನಮ್ಮ ಈ ಜೋಡು ಊರುಗಳು ಕಂಡಿವೆ.

೧. ಪ್ಲೇಗು ಕಲಿಸಿದ ಪಾಠ

೧೮೯೬ ನೆಯ ಇಸವಿಯ ಸಪ್ಟಂಬರದಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ ವಿಯೇಗಾಸ ಎಂಬವರು ಪ್ಲೇಗನ್ನು ಗುರುತಿಸಿದರು. ಜ್ವರ ಬಂದು ಕಂಕುಳಲ್ಲಿಯೂ ತೊಡೆಸಂದಿಯಲ್ಲಿಯೂ ಗಡ್ಡೆ ಎದ್ದು, ಕೆಲವೇ ದಿನಗಳಲ್ಲಿ ಮನುಷ್ಯನು ತೀರಿಹೋಗುತ್ತಿದ್ದನು. ಆ ಬೇನೆಯು ವ್ಯಾಪಾರದ ದಾರಿ ಹಿಡಿದು ದಕ್ಷಿಣಕ್ಕೆ ಇಳಿಯಿತು. ಹುಬ್ಬಳ್ಳಿಯು ಆಗಲೇ ಹತ್ತಿಯ ದೊಡ್ಡ ಪೇಟೆಯೂ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಠಾಣ್ಯವೂ ಆಗಿತ್ತು. ಎಲ್ಲಿ ಧಾನ್ಯದ ಚೀಲಗಳೂ ಹತ್ತಿಯ ಅಂಡಿಗೆಗಳೂ ಬಂದು ಇಳಿಯುವವೋ ಅಲ್ಲಿಗೆ ಇಲಿಗಳೂ ಬರುವವು. ೧೮೯೮ ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗಗಳಲ್ಲಿ ಪ್ಲೇಗಿನ ಹಾವಳಿಯು ಬಲವಾಯಿತು. ಅದೇ ವರ್ಷದ ಆಗಸ್ಟದಲ್ಲಿ ಅದು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನೂ ಮುಟ್ಟಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಹಿಂದುಸ್ತಾನದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಈ ಬೇನೆಗೆ ತುತ್ತಾದರು.

ಆಗಿನ ಸರಕಾರವು ೧೮೯೭ ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಮಾಡಿತು. ಅಧಿಕಾರಿಗಳು ಮನೆ ಹೊಕ್ಕು ರೋಗಿಗಳನ್ನು ಹುಡುಕುವರು; ಸಾಮಾನುಗಳನ್ನು ಬೀದಿಗೆ ಹಾಕುವರು; ಹಾಸಿಗೆ ಬಟ್ಟೆಗಳನ್ನು ಸುಡುವರು; ಗೋಡೆಗಳಿಗೆ ಸುಣ್ಣ ಬಳಿಸುವರು; ಬೇನೆ ಬಿದ್ದವರನ್ನೂ ಅವರ ಮನೆಯವರನ್ನೂ ಊರ ಹೊರಗಿನ ಕ್ಯಾಂಪಿಗೆ ಒಯ್ಯುವರು. ಪುಣೆಯಲ್ಲಿ ಈ ಬಲವಂತದ ಮೇಲೆ ಹುಟ್ಟಿದ ಸಿಟ್ಟು ೧೮೯೭ ರ ಜೂನದಲ್ಲಿ ಪ್ಲೇಗ ಅಧಿಕಾರಿಯಾದ ರ್‍ಯಾಂಡನ ಕೊಲೆಯಲ್ಲಿ ಕೊನೆಗೊಂಡಿತು. ಬಲವಂತದ ಶುಚಿತ್ವವು ಗೋಡೆಗೆ ಹತ್ತೀತು, ಮನಸ್ಸಿಗೆ ಹತ್ತದು. ಜನರು ಬೇನೆಯನ್ನು ಮುಚ್ಚಿಟ್ಟರು. ಮುಚ್ಚಿಟ್ಟ ಬೇನೆಯು ಮತ್ತಷ್ಟು ಹರಡಿತು.

ಇದಕ್ಕೆ ಪ್ರತಿಯಾಗಿ ಹುಬ್ಬಳ್ಳಿಯಲ್ಲಿ ನಡೆದ ಇನ್ನೊಂದು ಕಾರ್ಯವು ನಮ್ಮ ಊರಿನ ಚರಿತ್ರೆಯಲ್ಲಿ ನೆನೆಯತಕ್ಕದ್ದಾಗಿದೆ. ಹಾಫ್ಕಿನ್ ಎಂಬ ಶಾಸ್ತ್ರಜ್ಞನು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಮಾಡಿ, ೧೮೯೭ ರ ಜನವರಿ ೧೦ ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು ಪರೀಕ್ಷಿಸಿದನು. ೧೮೯೮ ರಲ್ಲಿ ಡಾಕ್ಟರ ಲ್ಯೂಮನ್ ಎಂಬವರ ಮೇಲ್ವಿಚಾರಣೆಯಲ್ಲಿ ಹುಬ್ಬಳ್ಳಿಯ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಆ ಲಸಿಕೆಯನ್ನು ತೆಗೆದುಕೊಂಡರು. ೧೯೦೧ ರ ಜನಗಣತಿಯಲ್ಲಿ ಊರಿನ ಒಟ್ಟು ಜನಸಂಖ್ಯೆಯೇ ಸುಮಾರು ಅರುವತ್ತು ಸಾವಿರವಿತ್ತೆಂಬದನ್ನು ಲಕ್ಷಿಸಿದರೆ ಇದು ಎಷ್ಟು ದೊಡ್ಡ ಕೆಲಸವೆಂಬದು ತಿಳಿಯುವದು. ಆಗ ಇಡೀ ದೇಶದಲ್ಲಿಯೇ ಇಷ್ಟು ಜನರು ಒಂದು ಊರಿನಲ್ಲಿ ಲಸಿಕೆ ತೆಗೆದುಕೊಂಡದ್ದು ವಿರಳ.

ಆದರೆ ನಿತ್ಯದ ರೂಢಿಗಳ ಮಾತೇನು? ಪ್ಲೇಗು ಹೊಲಸಿನಿಂದ, ಕೆಟ್ಟ ಗಾಳಿಯಿಂದ, ನೆಲದ ತೇವದಿಂದ ಬರುವದೆಂದು ಆ ಕಾಲದ ಬಹುಜನ ವೈದ್ಯರೂ ನಂಬಿದ್ದರು. ಆದಕಾರಣ ಜನರಿಗೆ ಎಲ್ಲವನ್ನೂ ಮಾಡಿರೆಂದು ಹೇಳಿದರು; ಜನರೂ ಅಂಜಿಕೆಯಿಂದ ಎಲ್ಲವನ್ನೂ ಮಾಡಿದರು. ಆದರೆ ೧೮೯೮ ರಲ್ಲಿಯೇ ಸಿಮೋನ್ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಪರೀಕ್ಷೆ ಮಾಡಿ, ಪ್ಲೇಗು ಇಲಿಯಿಂದ ಮನುಷ್ಯನಿಗೆ ದಾಟುವದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಕಂಡುಹಿಡಿದನು. ಅವನ ಮಾತನ್ನು ಮೊದಲು ಅನೇಕರು ನಂಬಲಿಲ್ಲ. ಮುಂದೆ ಏಳೆಂಟು ವರ್ಷಗಳಾದ ಮೇಲೆ ಮುಂಬಯಿಯಲ್ಲಿ ನಡೆದ ಪರೀಕ್ಷೆಗಳಿಂದ ಅದು ನಿಸ್ಸಂದೇಹವಾಯಿತು.

ಈ ಒಂದು ತಿಳಿವಳಿಕೆಯು ಬಂದ ಕೂಡಲೆ ಜನರು ಮಾಡುತ್ತಿದ್ದ ನೂರು ಕೆಲಸಗಳಲ್ಲಿ ಕಾಳು ಯಾವದು, ಜೊಳ್ಳು ಯಾವದು ಎಂಬದು ಬೇರ್ಪಟ್ಟಿತು. ಮನೆಯಲ್ಲಿ ಇಲಿ ಸತ್ತು ಬಿದ್ದ ಕೂಡಲೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ನಮ್ಮ ರೈತರ ರೂಢಿಯು ಹೆದರುಪುಕ್ಕರ ಕೆಲಸವಾಗಿರದೆ ಶಾಸ್ತ್ರಸಮ್ಮತವೇ ಆಗಿತ್ತು. ಯಾಕಂದರೆ ಇಲಿಯು ಸತ್ತ ಮೇಲೆ ಹಸಿದ ಚಿಗಟವು ಮನುಷ್ಯನ ಮೇಲೆ ಹಾರುವದು. ಧಾನ್ಯವನ್ನು ಇಲಿ ಹೊಗದಂತೆ ಮುಚ್ಚಿಡುವದು, ಮಲಗುವ ಕೋಣೆಯಲ್ಲಿ ಕಾಳಿನ ಚೀಲಗಳನ್ನು ಇಡದಿರುವದು, ಹಾಸಿಗೆಗಳನ್ನು ಬಿಸಿಲಿಗೆ ಹಾಕುವದು, ಅಡಿಗೆಮನೆಯಲ್ಲಿ ರಾತ್ರಿ ಮುಸುರೆಯನ್ನು ಬಿಡದಿರುವದು, ಇವು ಉಳಿಯತಕ್ಕ ರೂಢಿಗಳಾದವು. ಗೋಡೆಗಳ ಮೇಲೆ ಔಷಧದ ನೀರು ಎರಚುವದರಿಂದ ಚಿಗಟಕ್ಕೆ ಆದ ನಷ್ಟವು ಸ್ವಲ್ಪವೇ. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಅಗಲವಾದ ಬೀದಿಗಳನ್ನೂ ಬೇರೆ ಬೇರೆ ನಿಂತ ಮನೆಗಳನ್ನೂ ಪಡೆದು ಬೆಳೆದದ್ದು ಇದೇ ಕಾಲದಲ್ಲಿ.

ಇದರಿಂದ ನಾವು ತೆಗೆದುಕೊಳ್ಳತಕ್ಕ ಮೊದಲನೆಯ ಪಾಠವು ಇದು: ಭಯವು ಎಲ್ಲವನ್ನೂ ಮಾಡಿಸುವದು, ಯಾವದನ್ನು ಇಟ್ಟುಕೊಳ್ಳಬೇಕು, ಯಾವದನ್ನು ಬಿಡಬೇಕು ಎಂದು ಆರಿಸಿಕೊಡುವದು ತಿಳಿವಳಿಕೆ ಮಾತ್ರ.

೨. ಬಾಯಿ, ಮೂಗು, ಉಸಿರು

ಪ್ಲೇಗಿನ ಭಯವು ಇನ್ನೂ ಪೂರ್ಣವಾಗಿ ಹೋಗಿರದ ಕಾಲದಲ್ಲಿ, ೧೯೧೮ ರಲ್ಲಿ, ಇನ್‌ಫ್ಲುಯೆಂಜಾ ಬಂದಿತು. ಜೂನ ತಿಂಗಳಲ್ಲಿ ಮುಂಬಯಿಯಲ್ಲಿ ಮೊದಲಾಗಿ, ಸಪ್ಟಂಬರ-ಅಕ್ಟೋಬರಗಳಲ್ಲಿ ಉಗ್ರರೂಪ ತಾಳಿ, ಹಳ್ಳಿಹಳ್ಳಿಗಳನ್ನು ಹೊಕ್ಕಿತು. ಮರಾಠಿ ಸೀಮೆಯಲ್ಲಿ ಅದಕ್ಕೆ 'ಮಾನಮೋಡಿ', ಅಂದರೆ ಕುತ್ತಿಗೆ ಮುರಿಯುವ ಬೇನೆ, ಎಂದು ಹೆಸರು ಬಿದ್ದಿತು. ದೇಶದಲ್ಲಿ ಸತ್ತವರ ಸಂಖ್ಯೆಯನ್ನು ಒಂದು ಕಾಲು ಕೋಟಿಯಿಂದ ಎರಡು ಕೋಟಿಯ ಸಮೀಪದ ವರೆಗೆ ಅಂದಾಜು ಮಾಡಿದ್ದಾರೆ. ೧೯೧೧ ರಿಂದ ೧೯೨೧ ರ ವರೆಗಿನ ಹತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆಯು ಬೆಳೆಯುವ ಬದಲು ಕಡಿಮೆಯಾಯಿತೆಂದರೆ ಆ ಬೇನೆಯ ಘೋರತೆಯನ್ನು ಬೇರೆ ಹೇಳಬೇಕಾಗಿಲ್ಲ.

ಈ ಬೇನೆಗೆ ಇಲಿಯೂ ಬೇಡ, ಚಿಗಟವೂ ಬೇಡ. ಮನುಷ್ಯನ ಉಸಿರೇ ಅದರ ವಾಹನ. ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತಾಡಿದಾಗ ಕೂಡ ಬಾಯಿಯಿಂದ ಕಣ್ಣಿಗೆ ಕಾಣದ ಹನಿಗಳು ಹೊರಡುವವು. ದೊಡ್ಡ ಹನಿಗಳು ಬೇಗ ನೆಲಕ್ಕೆ ಬೀಳುವವು. ಅತಿ ಸಣ್ಣವು ಅಡಿಗೆಮನೆಯ ಹೊಗೆಯಂತೆ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುವವು. ಇದನ್ನು ತಿಳಿದೇ ವೂ ಲಿಯೆನ್-ತೇ ಎಂಬ ವೈದ್ಯನು ೧೯೧೦-೧೧ ರಲ್ಲಿ ಮಂಚೂರಿಯಾದಲ್ಲಿ ಉಸಿರಿನಿಂದ ಹರಡುತ್ತಿದ್ದ ಪ್ಲೇಗನ್ನು ಎದುರಿಸುವಾಗ ಅರಿವೆಯ ಪದರುಗಳ ಮಾಸ್ಕನ್ನು ಮಾಡಿಸಿ ತನ್ನ ಸಹಾಯಕರಿಗೆಲ್ಲ ಕಟ್ಟಿಸಿದನು. ನಾವು ೨೦೨೦ ರಲ್ಲಿ ಕಟ್ಟಿಕೊಂಡ ಮಾಸ್ಕಿಗೆ ಹೀಗೆ ನೂರು ವರ್ಷಗಳ ಹಿರಿತನವಿದೆ.

ಉಗುಳುವ ರೂಢಿಯ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ೨೦೨೦ ರ ಏಪ್ರಿಲದಲ್ಲಿ ಕೇಂದ್ರ ಸರಕಾರವು ಸಾರ್ವಜನಿಕ ಸ್ಥಳಗಳಲ್ಲಿ ಉಗುಳುವದಕ್ಕೆ ದಂಡ ವಿಧಿಸಬೇಕೆಂದು ಸೂಚಿಸಿತು. ಕೆಲವು ತಿಂಗಳು ಬಸ್ ನಿಲ್ದಾಣಗಳ ಮೂಲೆಗಳು ಬೆಳ್ಳಗಾಗಿ ಕಂಡವು. ಇಂದು ಅದೇ ಮೂಲೆಗಳು ಎಲೆಯಡಿಕೆ ಗುಟಕಾಗಳ ಕೆಂಪಿನಿಂದ ಮತ್ತೆ ತುಂಬಿವೆ. ಕೊರೊನಾ ಹೋದರೂ ಕ್ಷಯರೋಗವು ನಮ್ಮನ್ನು ಬಿಟ್ಟು ಹೋಗಿಲ್ಲ. ಅದು ಮುಖ್ಯವಾಗಿ ಕೆಮ್ಮಿನಿಂದ ಹರಡುವದು. ಆದಕಾರಣ ಕೆಮ್ಮುವಾಗ ದಸ್ತಿಯನ್ನೋ ಮೊಣಕೈಯನ್ನೋ ಬಾಯಿಗೆ ಅಡ್ಡ ಹಿಡಿಯುವದು ಮಹಾಮಾರಿಯ ಕಾಲಕ್ಕೆ ಮಾತ್ರ ಮೀಸಲಾದ ಶಿಷ್ಟಾಚಾರವಲ್ಲ.

೩. ಕೈ ತೊಳೆಯುವ ವಿದ್ಯೆ

ಕೈ ತೊಳೆಯುವದು ಒಂದು ವಿದ್ಯೆಯೇ ಎಂದು ಕೆಲವರು ನಕ್ಕಾರು. ಆದರೆ ದೊಡ್ಡ ದೊಡ್ಡ ವೈದ್ಯರು ಕೂಡ ಈ ವಿದ್ಯೆಯನ್ನು ತಡವಾಗಿಯೇ ಕಲಿತರು. ೧೮೪೭ ರಲ್ಲಿ ವಿಯೆನ್ನಾ ನಗರದ ಹೆರಿಗೆಯ ದವಾಖಾನೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಒಂದು ಸಂಗತಿಯನ್ನು ಕಂಡನು. ಸೂಲಗಿತ್ತಿಯರು ನೋಡಿಕೊಳ್ಳುವ ವಿಭಾಗಕ್ಕಿಂತ ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುವ ವಿಭಾಗದಲ್ಲಿ ಬಾಣಂತಿಯರು ಬಹಳ ಹೆಚ್ಚಾಗಿ ಸಾಯುತ್ತಿದ್ದರು. ಆ ವಿದ್ಯಾರ್ಥಿಗಳು ಹೆಣಗಳನ್ನು ಕೊಯ್ದು ನೋಡಿ ಅದೇ ಕೈಗಳಿಂದ ಬಾಣಂತಿಯರನ್ನು ಮುಟ್ಟುತ್ತಿದ್ದರು. ಸೆಮ್ಮೆಲ್‌ವೈಸನು ಎಲ್ಲರೂ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದನು. ಏಪ್ರಿಲ ತಿಂಗಳಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜುಲೈ ತಿಂಗಳಲ್ಲಿ ನೂರಕ್ಕೆ ಎರಡಕ್ಕೂ ಕೆಳಗೆ ಇಳಿಯಿತು. ಆದರೂ ಆಗಿನ ಅನೇಕ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಗಳು ಮೈಲಿಗೆಯೆಂದು ಕೇಳಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ. ೧೮೬೫ ರಲ್ಲಿ ಅವನು ದುಃಖದಲ್ಲಿಯೇ ತೀರಿಕೊಂಡನು.

ಸಾಬೂನು ಹೇಗೆ ಕೆಲಸ ಮಾಡುವದು? ಸಾಬೂನಿನ ಒಂದೊಂದು ಕಣಕ್ಕೂ ಎರಡು ತುದಿಗಳುಂಟು. ಒಂದು ತುದಿಯು ನೀರನ್ನು ಹಿಡಿಯುವದು, ಇನ್ನೊಂದು ಜಿಡ್ಡನ್ನು ಹಿಡಿಯುವದು. ಬರಿಯ ನೀರು ಜಿಡ್ಡಿನ ಮೇಲಿಂದ ಜಾರಿಹೋಗುವದು. ಸಾಬೂನು ನಡುವೆ ನಿಂತು ಎರಡರ ಕೈಗಳನ್ನೂ ಕೂಡಿಸಿ, ಜಿಡ್ಡನ್ನೂ ಅದರಲ್ಲಿ ಅಂಟಿದ ರೋಗಾಣುಗಳನ್ನೂ ನೀರಿನೊಡನೆ ಕಳಿಸಿಬಿಡುವದು. ಕೊರೊನಾ ವೈರಾಣುವಿನ ಹೊರಗಿನ ಹೊದಿಕೆಯು ಕೊಬ್ಬಿನದೇ ಆದ್ದರಿಂದ ಸಾಬೂನು ತಗಲಿದರೆ ಆ ಹೊದಿಕೆಯು ಹರಿದು ಅದು ನಿರುಪಯೋಗಿಯಾಗುವದು. ಇದಕ್ಕೆ ಬೆಲೆಬಾಳುವ ಸಾಬೂನೇ ಬೇಕೆಂದಿಲ್ಲ. ಬಟ್ಟೆ ಒಗೆಯುವ ಸಾಬೂನಿನ ತುಂಡಾದರೂ ಸಾಕು.

ಈ ಮಾತನ್ನು ನಮ್ಮ ವಿದ್ಯಾರ್ಥಿನಿಯರು ಪುಸ್ತಕದ ಮಾತೆಂದು ನಂಬದೆ ಕಣ್ಣಾರೆ ನೋಡಬೇಕು. ಅರ್ಧ ಚಮಚೆ ಅಡಿಗೆಯ ಎಣ್ಣೆಯಲ್ಲಿ ಒಂದು ಚಿಟಿಕೆ ಅರಿಸಿನವನ್ನು ಕಲಸಿ ಎರಡೂ ಕೈಗಳಿಗೆ ಸವರಿಕೊಳ್ಳಿರಿ. ಮೊದಲು ಬರಿಯ ನೀರಿನಿಂದ ತೊಳೆಯಿರಿ. ಹಳದಿಯು ಹೆಚ್ಚು ಕಡಿಮೆ ಇದ್ದಲ್ಲಿಯೇ ಇರುವದು. ಆಮೇಲೆ ಸಾಬೂನು ಹಚ್ಚಿ, ಐದೆಣಿಸುವಷ್ಟು ಹೊತ್ತು ಮಾತ್ರ ತಿಕ್ಕಿ ತೊಳೆಯಿರಿ; ಅಂಗೈ ಸ್ವಚ್ಛವಾದರೂ ಬೆರಳ ಸಂದಿಯಲ್ಲಿ, ಹೆಬ್ಬೆರಳ ಬುಡದಲ್ಲಿ, ಉಗುರ ಅಂಚಿನಲ್ಲಿ ಹಳದಿಯು ಉಳಿದದ್ದು ಕಂಡೀತು. ಕೊನೆಗೆ ಇಪ್ಪತ್ತೆಣಿಸುವ ವರೆಗೆ ಅಂಗೈ, ಮುಂಗೈ, ಸಂದಿ, ಹೆಬ್ಬೆರಳು, ಉಗುರು ಎಂದು ಒಂದೊಂದನ್ನೇ ತಿಕ್ಕಿರಿ. ಆಗ ಇಪ್ಪತ್ತು ಸೆಕಂದು ತೊಳೆಯಬೇಕೆಂದು ವೈದ್ಯರು ಹೇಳುವದು ಯಾತಕ್ಕೆಂಬದನ್ನು ಯಾರೂ ನಿಮಗೆ ಮತ್ತೆ ಹೇಳಬೇಕಾಗುವದಿಲ್ಲ. ಈ ಪರೀಕ್ಷೆಯನ್ನು ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರ ಎದುರಿಗೆ ಮಾಡಿ ತೋರಿಸಿದರೆ ಅದರ ಫಲವು ಇಮ್ಮಡಿಯಾಗುವದು.

ಕೈ ಕೆಸರಾದರೆ ಬಾಯಿ ಮೊಸರೆಂಬುದು ನಮ್ಮ ಗಾದೆ. ದುಡಿದ ಕೈಗೆ ಅನ್ನ ಸಿಕ್ಕುವದೆಂಬ ಅದರ ಅರ್ಥವು ಸತ್ಯವೇ. ಆದರೆ ಆ ಕೆಸರಿಗೂ ಈ ಮೊಸರಿಗೂ ನಡುವೆ ಒಂದು ತಂಬಿಗೆ ನೀರೂ ಸ್ವಲ್ಪ ಸಾಬೂನೂ ಇರಬೇಕೆಂದು ನಾವು ಸೇರಿಸುವೆವು. ದುರ್ಗದಬೈಲಿನಲ್ಲಿ ಗಿರ್ಮಿಟ್ಟು, ಮಿರ್ಚಿ ತಿನ್ನಲು ನಿಂತಾಗ ದುಡ್ಡು ಎಣಿಸಿದ ಕೈಯೂ ತಿನ್ನುವ ಕೈಯೂ ಒಂದೇ ಆಗಿರುವದನ್ನು ನೆನೆಯಿರಿ.

೪. ೨೦೨೦ ರ ರೂಢಿಗಳಲ್ಲಿ ಕಾಳು ಎಷ್ಟು, ಜೊಳ್ಳು ಎಷ್ಟು

ಪ್ಲೇಗಿನ ಕಾಲದಲ್ಲಿ ನಡೆದದ್ದೇ ಕೊರೊನಾ ಕಾಲದಲ್ಲಿಯೂ ನಡೆಯಿತು. ಕಾರಣವು ಪೂರ್ಣವಾಗಿ ತಿಳಿಯುವ ಮುಂಚೆ ಜನರು ಎಲ್ಲವನ್ನೂ ಮಾಡಿದರು. ಕಾಯಿಪಲ್ಯವನ್ನು ಸಾಬೂನಿನ ನೀರಿನಲ್ಲಿ ತೊಳೆದರು. ಹಾಲಿನ ಪಾಕೀಟನ್ನು ಬಿಸಿಲಿಗಿಟ್ಟರು. ನೋಟುಗಳನ್ನು ಇಸ್ತ್ರಿ ಮಾಡಿದವರೂ ಉಂಟು. ಬೀದಿಗಳಿಗೆ ಔಷಧದ ನೀರು ಹೊಡೆಯಲ್ಪಟ್ಟಿತು. ಆದರೆ ಕಾಲಕ್ರಮದಲ್ಲಿ ಶಾಸ್ತ್ರಜ್ಞರು ವಿಚಾರಿಸಿ ನೋಡಲಾಗಿ, ಈ ವೈರಾಣುವು ವಸ್ತುಗಳನ್ನು ಮುಟ್ಟುವದರಿಂದ ಹರಡುವದು ಸ್ವಲ್ಪ, ಮುಚ್ಚಿದ ಕೋಣೆಯ ಗಾಳಿಯಿಂದ ಹರಡುವದೇ ಬಹಳ ಎಂದು ಗೊತ್ತಾಯಿತು. ೨೦೨೧ ರ ಹೊತ್ತಿಗೆ ಜಾಗತಿಕ ಆರೋಗ್ಯ ಸಂಸ್ಥೆಯೂ ಗಾಳಿಯ ಮಾತನ್ನು ಸ್ಪಷ್ಟವಾಗಿ ಒಪ್ಪಿಕೊಂಡಿತು. ಕಾಯಿಪಲ್ಯಕ್ಕೆ ಹರಿಯುವ ಸ್ವಚ್ಛ ನೀರೇ ಸಾಕು. ಸಾಬೂನು ಹೊಟ್ಟೆಗೆ ಹೋಗುವದು ಕೇಡು.

ಹಾಗಾದರೆ ಹೊಸ್ತಿಲ ಬಕೆಟ್ಟು ವ್ಯರ್ಥವಾಯಿತೇ? ಆಗಲಿಲ್ಲ. ಕೊರೊನಾದ ವಿರುದ್ಧ ನಮ್ಮ ದೊಡ್ಡ ರಕ್ಷಣೆಗಳು ತೆರೆದ ಕಿಟಿಕಿ, ಮಾಸ್ಕು, ೨೦೨೧ ರ ಜನವರಿಯಿಂದ ದೊರೆತ ಲಸಿಕೆ, ಇವಾಗಿದ್ದವು. ಕೈ ತೊಳೆಯುವದು ಅಲ್ಲಿ ಸಹಾಯಕ ಮಾತ್ರ. ಆದರೆ ವಾಂತಿಭೇದಿ, ಆಮಶಂಕೆ, ವಿಷಮಜ್ವರಗಳೆಂಬ ನಮ್ಮ ನಿತ್ಯದ ವೈರಿಗಳಿಗೆ ಅದೇ ಮುಖ್ಯ ಅಡ್ಡಗೋಡೆ. ಸಾಬೂನಿನಿಂದ ಕೈ ತೊಳೆಯುವ ರೂಢಿಯೊಂದರಿಂದಲೇ ಮಕ್ಕಳ ಭೇದಿಬೇನೆಯು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುವದೆಂದು ಅನೇಕ ದೇಶಗಳ ಪರೀಕ್ಷೆಗಳಿಂದ ತಿಳಿದಿದೆ. ಒಂದು ಬೇನೆಯ ಅಂಜಿಕೆಯಿಂದ ಕಲಿತ ಪಾಠವು ಇನ್ನೊಂದು ಬೇನೆಯಿಂದ ಉಳಿಸುವದಾದರೆ ಅದನ್ನು ಬಿಡುವದು ಬುದ್ಧಿವಂತಿಕೆಯಲ್ಲ. ಅದರಂತೆಯೇ ಕಿಟಿಕಿಗಳ ಮಾತು. ಮಳೆಗಾಲದಲ್ಲಿ ಧಾರವಾಡದ ಜಡಿಮಳೆಗೆ ಕಿಟಿಕಿ ಬಾಗಿಲುಗಳನ್ನೆಲ್ಲ ಮುಚ್ಚಿ ಹತ್ತಾರು ಜನ ಒಂದೇ ಕೋಣೆಯಲ್ಲಿ ಕೂಡ್ರುವ ರೂಢಿಯು ನೆಗಡಿ ಕೆಮ್ಮುಗಳಿಗೆ ನಾವೇ ಕೊಡುವ ಔತಣ.

೫. ರೂಢಿಗೆ ಒಂದು ಠಾವು ಬೇಕು

ರೂಢಿಯು ಕೆಟ್ಟುಹೋದಾಗ ಜನರು ಆಲಸಿಗಳೆಂದು ನಿಂದಿಸುವದು ಸುಲಭ. ಆದರೆ ಒಂದು ಲೆಕ್ಕವನ್ನು ಮಾಡಿ ನೋಡಿರಿ. ಒಂದು ಶಾಲೆಯಲ್ಲಿ ೧೫೦ ಹುಡಿಗೆಯರು, ೩ ನಳಗಳು ಇವೆಯೆನ್ನಿರಿ. ಒಬ್ಬೊಬ್ಬಳು ಸರಿಯಾಗಿ ಕೈ ತೊಳೆಯಲು ೩೦ ಸೆಕಂದು ತೆಗೆದುಕೊಂಡರೆ ಎಲ್ಲರೂ ತೊಳೆದು ಮುಗಿಸಲು ೨೫ ನಿಮಿಷ ಬೇಕು. ಊಟದ ಬಿಡುವು ಅರ್ಧ ತಾಸಾದರೆ ಕೊನೆಯವಳು ಐದು ನಿಮಿಷಗಳಲ್ಲಿ ಉಣ್ಣಬೇಕು. ಅವಳು ಕೈ ತೊಳೆಯದೆ ಬುತ್ತಿ ಬಿಚ್ಚಿದರೆ ತಪ್ಪು ಅವಳದೋ ಲೆಕ್ಕದ್ದೋ? ಅದೇ ಶಾಲೆಯಲ್ಲಿ ಒಂದು ಉದ್ದ ಕೊಳವೆಗೆ ಹನ್ನೆರಡು ತೂತುಗಳನ್ನು ಮಾಡಿ ಸಣ್ಣ ತೋಟಿಗಳನ್ನು ಕೂಡಿಸಿದರೆ, ಮೊದಲಿನ ಮೂರೂ ಸೇರಿ, ಆ ಕೆಲಸವು ಐದು ನಿಮಿಷಗಳಲ್ಲಿ ಮುಗಿಯುವದು. ಊಟದ ಗಂಟೆಗೆ ಮುಂಚೆ ಕೈ ತೊಳೆಯುವ ಗಂಟೆಯೊಂದನ್ನು ಬಾರಿಸಿದರೆ ಉಪದೇಶದ ಅವಶ್ಯಕತೆಯೇ ಇಲ್ಲ. ಭಯವು ಹೋದ ಮೇಲೂ ರೂಢಿಯನ್ನು ಹಿಡಿದು ನಿಲ್ಲಿಸುವವು ಇಂಥ ಅನುಕೂಲತೆಗಳೇ.

ನಮ್ಮ ಊರುಗಳಲ್ಲಿ ಈ ಮಾತು ನೀರಿಗೆ ಬಂದು ನಿಲ್ಲುವದು. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವದು ಬಹುಮಟ್ಟಿಗೆ ಮಲಪ್ರಭೆಯಿಂದ, ಸವದತ್ತಿಯ ಹತ್ತಿರದ ನವಿಲುತೀರ್ಥದ ಆಣೆಕಟ್ಟಿನಿಂದ. ಬಹುಕಾಲ ಅನೇಕ ಓಣಿಗಳಲ್ಲಿ ನಳಕ್ಕೆ ನೀರು ನಾಲ್ಕಾರು ದಿನಗಳಿಗೊಮ್ಮೆ ಬರುತ್ತಿದ್ದಿತು. ನೀರು ಬರುವ ದಿನ ಮನೆಯ ಹೆಣ್ಣುಮಕ್ಕಳು ಕೊಡ, ಹಂಡೆ, ಬ್ಯಾರಲುಗಳನ್ನೆಲ್ಲ ತುಂಬಿಸಲು ನಸುಕಿನಲ್ಲಿ ಎದ್ದು ಕಾಯುವರು. ಆ ಹೊತ್ತಿನಲ್ಲಿ ಎಷ್ಟು ಬಾಲಿಕೆಯರ ಅಭ್ಯಾಸವು ಕೆಟ್ಟಿರುವದೋ! ಹಾಗೆ ತುಂಬಿಟ್ಟ ನೀರಿನಿಂದ ದಿನಕ್ಕೆ ಎಂಟು ಹತ್ತು ಸಾರೆ ಕೈ ತೊಳೆಯಿರೆಂದು ಹೇಳುವದು ಎಷ್ಟು ಕಠಿಣವಾದ ಮಾತೆಂಬದನ್ನು ನೀರು ತುಂಬಿದವರೇ ಬಲ್ಲರು.

೨೦೦೮ ರ ಸುಮಾರಿಗೆ ಈ ಜೋಡು ನಗರದ ಕೆಲವು ವಾರ್ಡುಗಳಲ್ಲಿ ಹಗಲಿರುಳೂ ನಳದಲ್ಲಿ ನೀರು ಬರುವಂತೆ ಏರ್ಪಾಡಾಯಿತು. ಮುಂದಿನ ವರ್ಷಗಳಲ್ಲಿ ಸಂಶೋಧಕರು ಆ ವಾರ್ಡುಗಳನ್ನೂ ಉಳಿದವುಗಳನ್ನೂ ಹೋಲಿಸಿ ನೋಡಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ರೋಗದ ಸೂಚಕವಾದ ಅಣುಜೀವಿಗಳು ಹೆಚ್ಚು ಸಾರೆ ಕಂಡವು. ಬಡವರ ಮನೆಗಳಲ್ಲಿ ಸತತವಾದ ನೀರಿನಿಂದ ಮಕ್ಕಳ ರಕ್ತಭೇದಿಯು ಕಡಿಮೆಯಿತ್ತು. ಆದರೆ ಎಲ್ಲ ಮನೆಗಳನ್ನೂ ಕೂಡಿ ನೋಡಿದರೆ ಮಕ್ಕಳ ಸಾಮಾನ್ಯ ಭೇದಿಯಲ್ಲಿ ದೊಡ್ಡ ಅಂತರವು ಕಾಣಲಿಲ್ಲ. ನಳದಲ್ಲಿ ಶುದ್ಧವಾಗಿ ಬಂದ ನೀರು ಕೂಡ ಮನೆಯೊಳಗಿನ ಪಾತ್ರೆಯಲ್ಲಿ ಕೆಡುತ್ತಿದ್ದಿತೆಂಬುದನ್ನೂ ಅವರು ಕಂಡರು. ನೀರಿನ ಏರ್ಪಾಡು ಪೌರಸಭೆಯ ಕರ್ತವ್ಯ. ಪಾತ್ರೆಯ ಶುಚಿತ್ವವು ನಮ್ಮದು. ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳ ಹಾಕಿರಿ. ಅದರೊಳಗೆ ಲೋಟದೊಡನೆ ಬೆರಳುಗಳನ್ನು ಅದ್ದದೆ ಉದ್ದ ಹಿಡಿಕೆಯ ಸವುಟಿನಿಂದ ತೆಗೆಯಿರಿ, ಇಲ್ಲವೆ ತೋಟಿಯುಳ್ಳ ಪಾತ್ರೆಯನ್ನು ಇಡಿರಿ. ನೀರು ಕಡಿಮೆಯಿದ್ದಲ್ಲಿ ಕೈ ಒದ್ದೆ ಮಾಡಿಕೊಂಡು, ಧಾರೆಯನ್ನು ನಿಲ್ಲಿಸಿ ಸಾಬೂನು ತಿಕ್ಕಿ, ಕೊನೆಗೆ ಮತ್ತೊಬ್ಬರಿಂದ ಸಣ್ಣ ಧಾರೆಯಾಗಿ ಹೊಯ್ಯಿಸಿಕೊಂಡರೆ ಒಂದು ತಂಬಿಗೆ ನೀರಿನಲ್ಲಿಯೇ ಕಾರ್ಯವು ಸಾಗುವದು.

೬. ಶುಚಿತ್ವವು ತಿರಸ್ಕಾರವಲ್ಲ

ಇನ್ನು ಒಂದು ಸಂಗತಿಯನ್ನು ಹೇಳಿ ಮುಗಿಸುವೆವು. ಹೊರಗಿನಿಂದ ಬಂದವರಿಗೆ ಕಾಲಿಗೆ ನೀರು ಕೊಡುವದು, ಎಲೆಯಲ್ಲಿ ಉಂಡು ಎಸೆಯುವದು, ತಂಬಿಗೆಗೆ ತುಟಿ ಹಚ್ಚದೆ ಎತ್ತಿ ಕುಡಿಯುವದು, ಇವು ನಮ್ಮಲ್ಲಿ ಹಳೆಯ ರೂಢಿಗಳು. ಇವುಗಳಲ್ಲಿ ಆರೋಗ್ಯದ ಅಂಶವಿದೆ. ಆದರೆ ಮಡಿಯೇ ಬೇರೆ, ಶುಚಿತ್ವವೇ ಬೇರೆ. ಮಡಿಯು ಯಾರು ಮುಟ್ಟಿದರೆಂದು ಕೇಳುವದು. ಶುಚಿತ್ವವು ಕೈ ತೊಳೆದಿದೆಯೋ ಇಲ್ಲವೋ ಎಂದು ಮಾತ್ರ ಕೇಳುವದು. ಒದ್ದೆ ಸೀರೆಯುಟ್ಟು ಅಡಿಗೆ ಮಾಡುವವರ ಉಗುರಿನಲ್ಲಿ ಹೊಲಸಿದ್ದರೆ ರೋಗಾಣುವು ಅವರ ಮಡಿಗೆ ಹೆದರುವದಿಲ್ಲ. ಮಹಾಮಾರಿಯು ಬಂದಾಗ ಈ ಎರಡೂ ಕಲಸಿಹೋಗುವ ಅಪಾಯವುಂಟು. ರೋಗಕ್ಕೆ ಅಂಜಬೇಕಾದವರು ರೋಗಿಗೆ ಅಂಜಿ ಅವನನ್ನು ಹೀನಾಯವಾಗಿ ಕಾಣುವರು.

೨೦೨೦ ರಲ್ಲಿ ಹುಬ್ಬಳ್ಳಿಯ ಕಿಮ್ಸ್ ದವಾಖಾನೆಗೆ ಸುತ್ತಲಿನ ಜಿಲ್ಲೆಗಳಿಂದಲೂ ರೋಗಿಗಳು ಬಂದರು. ಅಂಥ ದವಾಖಾನೆಗಳಲ್ಲಿ ಹಗಲಿರುಳು ದುಡಿದ ದಾದಿಯರಿಗೆ ಬಾಡಿಗೆಯ ಮನೆ ಬಿಡಿರೆಂದು ಹೇಳಿದವರು ದೇಶದ ಅನೇಕ ಊರುಗಳಲ್ಲಿ ಇದ್ದರು. ಬೇನೆಯಿಂದ ಎದ್ದು ಬಂದ ನೆರೆಯವಳ ಮನೆಗೆ ತಿಂಗಳಾನುಗಟ್ಟಲೆ ಹೋಗದಿದ್ದವರನ್ನು ನಾವೇ ಕಂಡಿದ್ದೇವೆ. ನಾವು ಕೂಡ ಒಂದು ದಿನ ಅಂಥವರ ಬಾಗಿಲ ಮುಂದೆ ಹೆಜ್ಜೆ ತಡೆದದ್ದು ಸುಳ್ಳಲ್ಲ. ಅದು ಈಗ ನಾಚಿಕೆಯನ್ನು ತರುವದು.

ಇಂಥ ಹೊತ್ತಿನಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ೧೮೪೮ ರಲ್ಲಿಯೇ ಪುಣೆಯಲ್ಲಿ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯವರನ್ನು ನಾವು ನೆನೆಯಬೇಕು. ೧೮೯೭ ರಲ್ಲಿ ಪ್ಲೇಗು ಬಂದಾಗ ಅವರು ರೋಗಿಗಳ ಶುಶ್ರೂಷೆಗೆ ನಿಂತರು. ಬೇನೆ ಬಿದ್ದ ಬಡ ಹುಡುಗನೊಬ್ಬನನ್ನು ತಮ್ಮ ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರೆಂದು ಅವರ ಚರಿತ್ರೆಯು ಹೇಳುವದು. ಆ ಬೇನೆಯು ಅವರಿಗೂ ತಗಲಿ, ಮಾರ್ಚ ೧೦ ರಂದು ಅವರು ತೀರಿಕೊಂಡರು. ನಮ್ಮ ಕೈಗಳಲ್ಲಿ ಇಂದು ಅವರ ಕಾಲಕ್ಕೆ ಇರದಿದ್ದ ಸಾಧನಗಳಿವೆ. ಮಾಸ್ಕು ಕಟ್ಟಿಕೊಂಡು, ಕಿಟಿಕಿ ತೆರೆದು, ಕೈ ತೊಳೆದುಕೊಂಡು ರೋಗಿಯ ಬಳಿಗೆ ಹೋಗಲು ಶಾಸ್ತ್ರವು ನಮಗೆ ದಾರಿ ಮಾಡಿಕೊಟ್ಟಿದೆ. ಹತ್ತಿರ ಹೋಗುವದಕ್ಕಾಗಿಯೇ ಶುಚಿತ್ವವು ಬೇಕು. ದೂರ ನಿಲ್ಲುವದಕ್ಕೆ ಅದರ ಅವಶ್ಯಕತೆಯಾದರೂ ಏನು?

ಪ್ರಿಯ ವಿದ್ಯಾರ್ಥಿನಿಯರೇ, ಮುಂದಿನ ಮಹಾಮಾರಿಯು ಯಾವ ವರ್ಷ ಯಾವ ರೂಪದಿಂದ ಬರುವದೆಂದು ಯಾರೂ ಹೇಳಲಾರರು. ಬೆಂಕಿ ಬಿದ್ದಾಗ ಬಾವಿ ತೋಡುವವರ ಗತಿ ನಮ್ಮದಾಗಬಾರದು. ನಿಮ್ಮ ಮನೆಯಲ್ಲಿ ಆ ಬಕೆಟ್ಟು ಈಗ ಎಲ್ಲಿದೆಯೆಂದು ಇಂದು ಸಾಯಂಕಾಲ ಹೋಗಿ ನೋಡಿರಿ. ಬಚ್ಚಲಿನಲ್ಲಿದ್ದರೆ ಅಲ್ಲಿಯೇ ಇರಲಿ. ಆದರೆ ಉಣ್ಣುವ ಸ್ಥಳದಿಂದ ಹತ್ತು ಹೆಜ್ಜೆಯೊಳಗೆ ಒಂದು ತಂಬಿಗೆ ನೀರೂ ಒಂದು ಸಾಬೂನಿನ ತುಂಡೂ ಎಲ್ಲರ ಕೈಗೆ, ಅತಿ ಚಿಕ್ಕ ಮಗುವಿನ ಕೈಗೂ, ಎಟುಕುವಂತೆ ಇಡಿರಿ.